ಏದುಸಿರಿನ ಪರೀಕ್ಷೆ

ಇಪ್ಪತ್ತೆರಡು ವರ್ಷದಿಂದ ನಾನು ಡಬ್ಬಿಂಗ್ ಕಲಾವಿದ. ತೆರೆಯ ಮೇಲೆ ಯಾರೋ ಬಾಯಿ ಆಡಿಸುತ್ತಾರೆ, ಮಾತು ನನ್ನದು. ಹಾಗಂತ ಏನೇನೋ ಕಲ್ಪಿಸಿಕೊಳ್ಳಬೇಡಿ. ಇಲ್ಲಿಯವರೆಗೆ ನನ್ನ ಪಾಲಿಗೆ ಬಂದದ್ದು "ಆಯ್ತು ಬಾಸ್", "ಕಾರು ರೆಡಿ ಇದೆ ಸಾರ್", ಇಷ್ಟೇ. (ಮನೆಯಲ್ಲೂ ಹೆಚ್ಚುಕಡಿಮೆ ಇದೇ ಡೈಲಾಗು.) ಅಂಥವನಿಗೆ ಮೊನ್ನೆ ಬೆಳಿಗ್ಗೆ ಒಬ್ಬ ನಿರ್ದೇಶಕರು ಫೋನ್ ಮಾಡಿದರು. ಪರ್ವತಾರೋಹಿಗಳ ಮೇಲೆ ಸಾಕ್ಷ್ಯಚಿತ್ರವಂತೆ. ಜೀವ ಪಣಕ್ಕಿಟ್ಟು ಅವರು ಯಾಕೆ ಹತ್ತುತ್ತಾರೆ ಅನ್ನೋದೇ ಅದರ ತಿರುಳು. ಮುಖ್ಯ ಆರೋಹಿಗೆ ಧ್ವನಿ ಬೇಕು.

"ಸಂಜೆಯೊಳಗೆ ಸ್ಯಾಂಪಲ್ ಕಳಿಸಿ. ಏದುಸಿರು ಮಾತ್ರ ಅಸಲಿ ಇರಬೇಕು" ಅಂದರು.

ಈ ಪಾತ್ರ ಸಿಕ್ಕರೆ ನನ್ನ ಹೆಸರು ತೆರೆಯ ಮೇಲೆ ಬರುತ್ತೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಬಂದಿಲ್ಲ, ಆ ಸಂಕಟ ನನಗೇ ಗೊತ್ತು.

ಹೊರಗಿನ ಸದ್ದು ತಟ್ಟದ ಜಾಗ ಅಂದರೆ ನಮ್ಮ ಬಟ್ಟೆ ಬೀರು. ಇಪ್ಪತ್ತು ಬಸ್ಕಿ ಹೊಡೆದು, ನೇತುಹಾಕಿದ ಬಟ್ಟೆಗಳ ನಡುವೆ ತಲೆ ತೂರಿಸಿ, ಮೇಲೊಂದು ಕಂಬಳಿ ಹೊದ್ದು ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಶುರುಮಾಡಿದೆ. "ಶಿಖರ... ನನ್ನನ್ನು... ಕೈಬೀಸಿ ಕರೆಯಿತು..."

ಅಷ್ಟರಲ್ಲಿ ಸ್ಟೂಲು ಎಳೆದ ಸದ್ದು. ಅದರ ಹಿಂದೆಯೇ ಏದುಸಿರು, ನನ್ನದಕ್ಕಿಂತ ಜೋರು. ತಲೆ ಹೊರಗೆ ಹಾಕಿ ನೋಡಿದರೆ ನನ್ನ ಹೆಂಡತಿ ಮೇಜಿನ ಮೇಲೆ ಸ್ಟೂಲಿಟ್ಟು, ಅದರ ಮೇಲೆ ತಾನು ನಿಂತು, ಅಟ್ಟದಿಂದ ದೊಡ್ಡ ಸೂಟ್‌ಕೇಸ್ ಎಳೀತಿದ್ದಾಳೆ.

"ಯಾಕೆ ಹತ್ತಿದೆ ಅಲ್ಲಿಗೆ?"

"ಯಾಕೆ ಅಂತ... ಬೇರೆ ಕೇಳ್ತೀರಲ್ಲ... ಮೂರು ವಾರದಿಂದ ಇಳಿಸಿಕೊಡಿ ಅಂತಿದ್ದೆ... ಸಂಜೆ ಅಂದ್ರಿ, ನಾಳೆ ಅಂದ್ರಿ... ಈ ಮನೇಲಿ ಹತ್ತೋಕೆ ಇನ್ಯಾರಿದ್ದಾರ್ರೀ?"

"ಬಿದ್ದರೆ ಏನೇ ಗತಿ?"

"ಬಿದ್ರೆ ಎದ್ದು ಮತ್ತೆ ಹತ್ತಬೇಕು. ಸುಮ್ನೆ ನಿಂತ್ಕೋಬೇಡಿ, ಸ್ಟೂಲು ಹಿಡ್ಕೊಳ್ಳಿ."

ಹಿಡಿದುಕೊಂಡೆ. ಸೂಟ್‌ಕೇಸ್ ಇಳಿಯಿತು, ಅವಳೂ ಇಳಿದಳು. ನಾನು ಮತ್ತೆ ಬೀರು ಹೊಕ್ಕು ಉಳಿದ ಡೈಲಾಗು ಮುಗಿಸಿದೆ. ಕೈಯಲ್ಲೇ ಇದ್ದ ಮೊಬೈಲು ಅಷ್ಟೂ ಹೊತ್ತು ಓಡುತ್ತಲೇ ಇತ್ತು. ಮಧ್ಯದ ಜಗಳ ಕತ್ತರಿಸಬೇಕಿತ್ತು, ಆದರೆ ಬಸ್ಕಿಯ ಹೊಡೆತಕ್ಕೆ ತೊಡೆ ಸೆಟೆದುಕೊಂಡು ಬೇರೇನೂ ತಲೆಗೆ ಹೋಗಲಿಲ್ಲ. ಹಾಗೇ ಕಳಿಸಿ ಅಡ್ಡಾದೆ.

ಮರುದಿನ ನಿರ್ದೇಶಕರ ಫೋನು. "ಕೇಳಿ ಮೈ ಜುಮ್ಮಂತು ಸಾರ್. ಎರಡು ವರ್ಷ ಬೆಟ್ಟ ಸುತ್ತಿದ್ದೀವಿ, ಯಾಕೆ ಹತ್ತುತ್ತೀರಿ ಅಂದ್ರೆ ಒಬ್ಬರೂ ಇಂಥ ಉತ್ತರ ಕೊಡಲಿಲ್ಲ."

"ಎಲ್ಲ ನಿಮ್ಮ ಅಭಿಮಾನ" ಅಂದೆ, ಹಿಗ್ಗಿ ಹೀರೇಕಾಯಿಯಾಗಿ.

"ಸ್ವಲ್ಪ ಅವರಿಗೆ ಫೋನ್ ಕೊಡ್ತೀರಾ?"

ಆರೋಹಿಗಳ ತಂಡದಲ್ಲಿ ಒಬ್ಬ ಹೆಂಗಸೂ ಇದ್ದಾಳಂತೆ. ಇನ್ನು ಮುಂದೆ ಅವಳೇ ಮುಖ್ಯವಂತೆ. ಹೆಂಡತಿ ಅರ್ಧ ಗಂಟೆ ಮಾತಾಡಿದಳು. ಕೊನೆಗೆ ನನ್ನ ಮುಖ ನೋಡಿ ಕರುಳು ಚುರುಕ್ ಅಂದಿರಬೇಕು. "ನಮ್ಮನೆಯವರಿಗೂ ಏನಾದ್ರೂ ಕೊಡಿ ಸಾರ್. ಪಾಪ, ತುಂಬಾ ಆಸೆ ಇಟ್ಕೊಂಡಿದ್ರು" ಅಂದಳು.

ಕೊಟ್ಟರು. ಉಳಿದವರೆಲ್ಲ ಶಿಖರ ಹತ್ತುವಾಗ ಕೆಳಗೆ ಗುಡಾರದಲ್ಲಿ ಒಬ್ಬ ಗೊರಕೆ ಹೊಡೆಯುತ್ತಾನಂತೆ. ಚಿಕ್ಕ ಪಾತ್ರ ಅಂತ ಅಲಕ್ಷ್ಯ ಮಾಡೋ ಜಾಯಮಾನ ನನ್ನದಲ್ಲ. ಫೋನ್ ಇಸಿದುಕೊಂಡು, "ಸ್ಯಾಂಪಲ್ ಯಾವಾಗ ಕಳಿಸಲಿ ಸಾರ್?" ಅಂತ ಕೇಳಿದೆ.

"ಬೇಡ ಸಾರ್" ಅಂದರು, "ಮೇಡಂ ಆಗಲೇ ಕಳಿಸಿದ್ದಾರೆ."