ಹಿಮದ ಗುಡ್ಡದಾಗೊಂದು ಹೋಲ್ಡಾನ್

ಹರಿಹರ–ದಾವಣಗೆರೆ ಪ್ರೈವೇಟ್ ಬಸ್ನಾಗೆ ಕಂಡಕ್ಟ್ರಾಗಿ ತಲೆ ನೆರೆಸ್ಕಂಡೋನು ನಾನು. ನಗೋ ಅಂಥಾ ಪ್ರಸಂಗಗಳು ನನ್ನೇ ಹುಡುಕ್ಕಂಡು ಬರ್ತಾವೆ. ಟಿಕೆಟ್ಟೂ ತಗಳಲ್ಲ, ಹತ್ತಿ ಕೂತ್ಬಿಡ್ತಾವೆ. ರಿಟೈರಾದ ಮ್ಯಾಲೂ ಬಿಡ್ಲಿಲ್ಲ, ಕಾಶ್ಮೀರಕ್ಕೂ ಹಿಂದೇ ಬಂದ್ವು.

೧. ಮೀಸೆ

ಹೋದ ಚಳಿಗಾಲ ನಾನು, ನನ್ ಹೆಂಡ್ತಿ, ಭಾನುವಳ್ಳಿ ಬೀಗ್ರು ಟೂರಿಗೆ ಹೋಗಿದ್ವಿ. ಬೀಗ್ರು ಅಂದ್ರೆ ಮಗಳ ಮಾವ. ಗದ್ದೆ ಮಾಡೋರು, ಬಾಯಿ ನನ್ನಷ್ಟೇ ದೊಡ್ಡದು. ಅಲ್ಲಿ ಜನ ಕಾಲಿಗೆ ಹಲಗೆ ಕಟ್ಕಂಡು ಹಿಮದ ಮ್ಯಾಲೆ ಜಾರ್ತಾರೆ. ಸ್ನೋಬೋರ್ಡ್ ಅಂತೆ. ಜಾರಾಕೆ ಮೊದ್ಲು ಹತ್ಬೇಕಲ್ಲ, ಅದಕ್ಕೆ ಮೋಟ್ರು ಎಳಿಯೋ ಹಗ್ಗ ಐತೆ, ಹಗ್ಗಕ್ಕೆ ಹಿಡಿಗಳು ಅದಾವೆ. ಒಂದು ಹಿಡಿ ಹಿಡ್ಕಂಡು ಹಲಗೆ ಮ್ಯಾಲೆ ನಿಂತ್ರೆ ಸಾಕು, ಎಳ್ಕಂಡು ಹೋಗ್ತೈತೆ.

"ಇದೇನು ಮಹಾ? ತುಂಬಿದ ಬಸ್ನಾಗೆ ಕಂಬಿ ಹಿಡೀದೆ ನಿಂತು ಚಿಲ್ರೆ ಕೊಟ್ಟೋನು ನಾನು" ಅಂದೆ.

"ಹಗ್ಗದ ತುದಿ ಮುಟ್ರಿ ನೋಡಾನ" ಅಂದ್ರು ಬೀಗ್ರು.

"ಸಂಜಿ ಒಳಗೆ ಮುಟ್ಲಿಲ್ಲಾಂದ್ರೆ ಈ ಮೀಸೆ ಬೋಳಿಸ್ತೀನಿ."

ಹೆಂಡ್ತಿ ಮೀಸೆ ಕಡೆ ನೋಡಿ ಟಾಟಾ ಮಾಡಿದ್ಲು.

೨. ರೈಟ್

ಕಲಿಸೋನು ಒಬ್ಬ ಗಡ್ಡದೋನು. ಅರ್ಧ ಹಿಂದಿ, ಅರ್ಧ ಇಂಗ್ಲೀಷು. ನನ್ನ ಎಡಗಾಲು ಹಲಗೆಗೆ ಬಿಗಿದ. ಬಲಗಾಲು ಸುಮ್ನೆ ಹಲಗೆ ಮ್ಯಾಲೆ ಇಡ್ಬೇಕಂತೆ, ಅದಕ್ಕೆ "ರೈಟ್, ರೈಟ್" ಅಂದ. ರೈಟ್ ಅಂದ್ರೆ ಹೊರಡು ಅಂತ ನನಗೆ ಹೇಳ್ಕೊಡ್ಬೇಕಾ? ಗಬಕ್ನೆ ಹಿಡಿ ಹಿಡ್ದೆ. ಎಡಗಾಲು ಹೊಂಟ್ತು, ಬಲಗಾಲು ನೆಲದಾಗೇ ಉಳೀತು. ಒಂದು ಕಾಲು ದಾವಣಗೆರೆಗೆ, ಇನ್ನೊಂದು ಹರಿಹರಕ್ಕೆ.

ಬೀಗ್ರು ಬಗ್ಗಿ ಕೇಳಿದ್ರು: "ಎರಡು ಟಿಕೆಟ್ ಹರೀಲೇನ್ರಿ?"

೩. ಜಾಗ ಐತೆ

ಸೊಂಟ ತಿಕ್ಕಂತಾ ಕೂತು ನೋಡ್ತೀನಿ, ಒಂದು ಹಿಡಿಗೆ ಒಬ್ರನ್ನೇ ಕಳಿಸ್ತಾರೆ. ಕ್ಯೂ ನೋಡಿದ್ರೆ ಬಸ್ ಸ್ಟ್ಯಾಂಡ್ ಇದ್ದಂಗೆ ಐತೆ. ನನಗೆ ಹೊಟ್ಟೆ ಉರೀತು. ಎದ್ದು ಹೋಗಿ, "ಮುಂದಕ್ಕೆ ನಡೀರಿ, ಜಾಗ ಐತೆ, ಅಡ್ಜಸ್ಟ್ ಮಾಡ್ಕಳ್ರಿ" ಅಂತ ಕ್ಯೂನಾಗಿದ್ದ ಒಬ್ಬ ಗಂಡ, ಅವನ ಹೆಂಡ್ತಿ, ಅವನ ಅತ್ತೆ ಮೂವರನ್ನೂ ಒಂದೇ ಹಿಡಿಗೆ ಹಚ್ಚಿ ರೈಟ್ ಕೊಟ್ಟೆ. ಗಂಡ ಬಿದ್ದ, ಅವನ ಮ್ಯಾಲೆ ಹೆಂಡ್ತಿ, ಹೆಂಡ್ತಿ ಮ್ಯಾಲೆ ಅತ್ತೆ.

ಮೋಟ್ರು ನಿಲ್ಸಿ ಗಡ್ಡದೋನು ಬೆರಳು ಎತ್ಕಂಡು ಬಂದ. "ಒನ್, ಓನ್ಲಿ ಒನ್" ಅಂದ.

"ಒನ್ ಫ್ಯಾಮಿಲಿನೇ ಕಣಪ್ಪಾ" ಅಂದೆ.

೪. ಹೋಲ್ಡಾನ್

ಆಮೇಲೆ ಸರ್ಯಾಗಿ ನಿಂತೆ. ಅರ್ಧ ಗುಡ್ಡ ರಾಜನಂಗೆ ಹೋದೆ. ಕೆಳಗಿಂದ ಗಡ್ಡದೋನು "ಹೋಲ್ಡಾನ್" ಅಂತ ಕೂಗಿದ. ನನ್ನ ಜಲ್ಮದಾಗೆ ಹೋಲ್ಡಾನ್ ಅಂದ್ರೆ ಬಸ್ ನಿಲ್ಬೇಕು. ನಾ ಬಿಡ್ಲಿಲ್ಲ, ಕೈಯೇ ಬಿಡ್ತು. ಜಾರ್ಕಂತಾ ಬಂದು ಬೀಗ್ರ ಕಾಲ್ತಾವ ಬಿದ್ದೆ. ಮತ್ತೆ ಹತ್ತಿದೆ, ಮತ್ತೆ ಅವ್ನು ಕೂಗಿದ, ಮತ್ತೆ ಬೀಗ್ರ ಕಾಲು.

"ಇಷ್ಟು ನಮಸ್ಕಾರ ಬ್ಯಾಡ್ರಿ" ಅಂದ್ರು ಬೀಗ್ರು.

ಹೆಂಡ್ತಿಗೆ ಹೊಳೀತು. "ರೀ, ಅವ್ನು ಗಟ್ಟಿ ಹಿಡ್ಕಾ ಅಂತಾನೆ. ನೀವು ಬಿಡ್ತೀರಿ."

ಬೀಗ್ರೂ ಕೇಳಿಸ್ಕಂಡ್ರು.

ಹೊತ್ತು ಮುಳುಗ್ತಾ ಇತ್ತು, ಇದೇ ಕೊನೇ ಟ್ರಿಪ್ಪು. ಗಡ್ಡದೋನಿಗೆ ಬಾಯ್ಮುಚ್ಕಂಡಿರು ಅಂತ ಸನ್ನೆ ಮಾಡಿ ಹೊಂಟೆ. ಅರ್ಧ ದಾಟ್ತು, ಮುಕ್ಕಾಲು ದಾಟ್ತು. ತುದಿಗೆ ಹಗ್ಗ ತಿರುಗೋ ಚಕ್ರ ಐತೆ, ಅದಕ್ಕೆ ಮೊದ್ಲೇ ಹಿಡಿ ಬಿಡ್ಬೇಕು. ಅಲ್ಲಿದ್ದೋನು ಕೈ ಬೀಸಿ "ಲೀವ್, ಲೀವ್" ಅಂತಾನೆ. ರಿಟೈರಾದೋನಿಗೆ ಎಂಥಾ ಲೀವು? ಇನ್ನೂ ಗಟ್ಟಿ ಹಿಡ್ಕಂಡೆ. ಚಕ್ರ ಹತ್ರ ಹತ್ರ ಬಂತು.

ಸಣ್ಣ ಗುಡ್ಡ, ಕೂಗಿದ್ರೆ ಕೇಳ್ತೈತೆ. ಮೀಸೆ ಉಳಿದ್ಬಿಡ್ತೈತೆ ಅಂತ ಬೀಗ್ರಿಗೆ ಹೊಟ್ಟೆಕಿಚ್ಚು. ಕೆಳಗಿಂದ ಗಂಟ್ಲು ಹರ್ಕಂಡು "ಹೋಲ್ಡಾನ್" ಅಂದ್ರು.

ಕೈ ಬಿಡ್ತು. ಚಕ್ರಕ್ಕೆ ಒಂದು ಮಾರು ಮೊದ್ಲು, ತುದಿ ಮ್ಯಾಲೇ ಧೊಪ್ಪಂತ ಬಿದ್ದೆ. ಮೀಸೆ ತುಂಬಾ ಹಿಮ, ಆದ್ರೆ ಮೀಸೆ ಐತೆ.

ಕೆಳಗೆ ಬಂದ್ರೆ ಬೀಗ್ರು ತಲೆ ಮ್ಯಾಲೆ ಕೈ ಹೊತ್ತು ಕೂತಿದ್ರು. "ನೀವು ಬೀಳ್ಲಿ ಅಂತ ಕೂಗಿದ್ನಲ್ರಿ."

ಹೆಂಡ್ತಿ ಅಂದ್ಲು: "ಸರ್ಯಾಗಿ ಸ್ಟಾಪ್ನಾಗೇ ಕೂಗಿದ್ರಿ ಬಿಡ್ರಿ ಬೀಗ್ರೆ. ಇವ್ರು ಇಡೀ ಸರ್ವೀಸ್ನಾಗೆ ಒಂದಿನಾನೂ ಹಂಗೆ ಕೂಗ್ಲಿಲ್ಲ."