ನಮ್ಮ ಮನೆಯ ಫಾಸ್ಫೇಟ್ ನಿರ್ಮೂಲನೆ

ಮೂವತ್ತು ದಿನಗಳಲ್ಲಿ ನಮ್ಮ ಅಡುಗೆಮನೆಯಿಂದ ಫಾಸ್ಫೇಟನ್ನು ಗಡಿಪಾರು ಮಾಡುತ್ತೇನೆಂದು ಧಾರವಾಡದ ಕಿಡ್ನಿ ಡಾಕ್ಟರರ ಮುಂದೆ ಎದೆ ತಟ್ಟಿ ಹೇಳಿ ಬಂದವಳು ನಾನೇ. ಈಗ ಈ ಮುಖವನ್ನು ಎಲ್ಲಿಟ್ಟುಕೊಳ್ಳಲಿ ಹೇಳಿ!

ವಿಷಯ ನಮ್ಮತ್ತೆ ಗುರುಸಿದ್ದವ್ವನವರದು. ಅವರ ಕಿಡ್ನಿ ಅರೆಬರೆ ಕೆಲಸ ಮಾಡುತ್ತದೆ. ರಕ್ತದಲ್ಲಿ ನಾಲ್ಕೂವರೆಯೊಳಗಿರಬೇಕಾದ ರಂಜಕ, ಅಂದರೆ ಫಾಸ್ಫೇಟಿನಲ್ಲಿರುವ ಫಾಸ್ಫರಸ್, ಐದೂವರೆ ದಾಟಿತ್ತು. ಪ್ಯಾಕೆಟ್ ತಿಂಡಿಗೆ ಬೆರೆಸುವ ಫಾಸ್ಫೇಟಿಗೆ ಸರಕಾರ ಮಿತಿ ಹಾಕಿದೆ, ಗಟ್ಟಿಮುಟ್ಟಾದವರು ಅಂಜಬೇಕಿಲ್ಲ, ಆದರೆ ಸೋತ ಕಿಡ್ನಿ ಅದನ್ನು ಹೊರಹಾಕದು ಎಂದು ಡಾಕ್ಟರು ತಿಳಿಹೇಳಿದರು. ಪ್ಯಾಕೆಟ್ಟಿನ ಮೇಲೆ ಅದರ ಗುರುತಿನ ನಂಬರು ಇರುತ್ತದೆ, ಎಷ್ಟು ಹಾಕಿದ್ದಾರೆಂಬುದು ಇರುವುದಿಲ್ಲ. ಹೀಗಾಗಿ ನಂಬರು ಕಂಡರೆ ದೂರವಿಡಿ ಎಂದು ಒಂದು ಪಟ್ಟಿ ಕೊಟ್ಟರು. ತಿಂಗಳಲ್ಲಿ ರಂಜಕ ಇಳಿಯದಿದ್ದರೆ ಪ್ರತಿ ಊಟಕ್ಕೂ ಒಂದೊಂದು ಗುಳಿಗೆ ಖಾಯಂ. ಆಗಲೇ ದಿನಕ್ಕೆ ಹನ್ನೊಂದು ನುಂಗುತ್ತಿದ್ದ ಅತ್ತೆ ಮೆಲ್ಲಗೆ ನನ್ನ ಕೈ ಹಿಡಿದುಕೊಂಡರು. ನನ್ನ ಶಪಥ ಹೊರಬಿದ್ದದ್ದು ಆಗಲೇ.

ನಮ್ಮೂರು ಹಳಿಯಾಳಕ್ಕೆ ಬಂದವರೇ ಗಂಡ ಹೆಂಡತಿ ಕೆಲಸವನ್ನು ಸಮಸಮ ಹಂಚಿಕೊಂಡೆವು. ಓದುವುದು ನನ್ನ ಗಂಡ ವೀರೇಶರದು, ಉಳಿದದ್ದೆಲ್ಲ ನನ್ನದು. ಅವರು ಪಡಸಾಲೆಯಲ್ಲಿ ಮೂಗಿಗೆ ಚಾಳೀಸು ಏರಿಸಿ ಕೂತು, ಹೌಸಿ ಆಟದವರಂತೆ ನಂಬರು ಕೂಗಿದರು. ಚೀಸು ಮುನ್ನೂರಾ ಮೂವತ್ತೊಂಬತ್ತು! ನೂಡಲ್ಸು ನಾನೂರಾ ಐವತ್ತೊಂದು! ಕರೀ ಕೋಲಾ ಮುನ್ನೂರಾ ಮೂವತ್ತೆಂಟು! ಟೋಸ್ಟು ನಾನೂರಾ ಐವತ್ತು! ನಾನು ಒಂದೊಂದನ್ನೇ ಹೊತ್ತು ಹೊರಗೆ ಹಾಕಿದೆ. ಆರು ಪ್ಯಾಕೆಟ್ ಓದುವಷ್ಟರಲ್ಲಿ ದಣಿದುಹೋದ ಅವರು ಚಹಾ ಕೇಳಿದರು.

ಟೋಸ್ಟು ಹೋದ ಮೇಲೆ ಹಲ್ಲಿಲ್ಲದ ಅತ್ತೆಗೆ ಚಹಾದ ಜೊತೆ ಮೆತ್ತನೆಯದೇನಾದರೂ ಬೇಕಲ್ಲ? ಕುಕ್ಕರಿನಲ್ಲಿ ನಾನೇ ಕೇಕು ಬೇಯಿಸತೊಡಗಿದೆ. ಮೊದಲನೆಯದು ಬೀಸುಕಲ್ಲಿಗೆ ಸರಿಜೋಡಿಯಾಗಿತ್ತು. ಒಂದು ಚಮಚ ಬೇಕಿಂಗ್ ಪೌಡರನ್ನು ಎರಡು ಮಾಡಿದೆ, ಎರಡನ್ನು ಮೂರು ಮಾಡಿದೆ. ಕೇಕು ಅರಳೆಯಂತೆ ಉಬ್ಬಿತು. ಕಲಸಿ ಕಲಸಿ ನನ್ನ ರಟ್ಟೆಯೂ ಉಬ್ಬಿತು. ಬೆಳಿಗ್ಗೆ ಕೇಕು, ಸಂಜೆ ಅದೇ ಪುಡಿ ಹಾಕಿದ ಢೋಕಳಾ. ಅತ್ತೆ ತುಟಿ ಪಿಟಕ್ಕೆನ್ನದೆ ತಿಂದರು. ವೀರೇಶ ಓಣಿಯವರ ಮುಂದೆ, ನಮ್ಮ ಮನೆಯಲ್ಲಿ ಎಲ್ಲಾ ನಾವೇ ಮಾಡಿಕೊಳ್ಳುತ್ತೇವೆ ಎಂದು ಬೀಗಿದರು. ಆ ‘ನಾವು’ ಎಂಬುದರಲ್ಲಿ ನೋಯುತ್ತಿದ್ದದ್ದು ಒಂದೇ ರಟ್ಟೆ.

ತಿಂಗಳಾಯಿತು. ರಂಜಕ ಆರೂವರೆ!

ಪ್ಯಾಕೆಟ್ಟಿನದೇನಾದರೂ ಕೊಡುತ್ತೀರಾ ಎಂದು ಡಾಕ್ಟರು ಕೇಳಿದರು. ಮನೆಯಲ್ಲಿ ಪ್ಯಾಕೆಟ್ಟೆಂಬುದೇ ಇಲ್ಲವೆಂದು ಆಣೆ ಇಟ್ಟೆ. ಅದು ಸುಳ್ಳೂ ಅಲ್ಲ. ಅಂಗಡಿಯಿಂದ ಬಂದ ಪುಡಿಯನ್ನು ಅಂದೇ ಸ್ಟೀಲ್ ಡಬ್ಬಿಗೆ ಸುರುವಿ, ತಾರೀಖಿರುವ ತುಂಡನ್ನಷ್ಟೇ ಕತ್ತರಿಸಿ ಒಳಗೆ ಹಾಕಿಡುವ ಶಿಸ್ತಿನವಳು ನಾನು. ಕೊನೆಗೆ ಡಾಕ್ಟರು ಹದಿನೈದು ದಿನ ಗಡುವು ಕೊಟ್ಟರು.

ಮನೆಗೆ ಬಂದು ರಟ್ಟೆ ನೋವಿಗೆ ಮುಲಾಮು ಹಚ್ಚಿಕೊಂಡು ಮಲಗಿದೆ. ಇಪ್ಪತ್ತೆರಡು ವರ್ಷಗಳ ಸಂಸಾರದಲ್ಲಿ ಮೊದಲ ಸಲ ವೀರೇಶ ತಾವೇ ಕೇಕು ಮಾಡಲು ಅಡುಗೆಮನೆ ಹೊಕ್ಕರು. ಯಾವ ಡಬ್ಬಿಯಲ್ಲಿ ಏನಿದೆಯೆಂದು ತಿಳಿಯದ ಮಹಾಶಯರು ಒಂದೊಂದೇ ಮುಚ್ಚಳ ತೆಗೆಯುತ್ತ ಹೋದರು. ಸಾಸಿವೆ ಚೆಲ್ಲಿದ ಸದ್ದು ಕೇಳಿತು, ಮೆಂತ್ಯ ಚೆಲ್ಲಿದ ಸದ್ದೂ ಕೇಳಿತು.

ಹಿಟ್ಟು ಮೆತ್ತಿದ ಚಾಳೀಸಿನ ಹತ್ತಿರ ನಾನು ತಾರೀಖಿಗೆಂದು ಕತ್ತರಿಸಿಟ್ಟಿದ್ದ ಒಂದು ಚೂರು ಹಿಡಿದುಕೊಂಡು ಹೊರಗೆ ಬಂದರು.

“ತಾರೀಖಿನ ಕೆಳಗ ನೋಡು, ಬೇಕಿಂಗ್ ಪೌಡರ್‌ದಾಗೂ ನಂಬರ್ ಐತಲ್ಲ. ನಾನೂರಾ ಐವತ್ತು.”

“ಇಷ್ಟ ದಿನ ಯಾಕ ಓದಲಿಲ್ರಿ?”

“ನೀ ನನ್ನ ಕೈಯಾಗ ಪ್ಯಾಕೀಟ್ ಕೊಟ್ಟಿ, ಪ್ಯಾಕೀಟ್ ಓದಿದೆ. ಡಬ್ಬಿ ಎಲ್ಲಿ ಕೊಟ್ಟಿ?”

ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಮೂರು ಚಮಚ, ಅದೂ ನನ್ನ ಕೈಯಾರೆ! ಅತ್ತೆಯ ಮಂಚದ ಬಳಿ ಕೂತು, ನಿಮಗೆ ವಿಷ ಉಣಿಸಿದೆನೆಂದು ಅತ್ತುಬಿಟ್ಟೆ. ಅವರು ನನ್ನ ನೋಯುವ ರಟ್ಟೆಯನ್ನು ಮೆಲ್ಲಗೆ ನೀವಿದರು.

“ಅಳಬ್ಯಾಡ ಯವ್ವಾ. ನಾಳಿಂದ ಚಹಾದಾಗ ಚಪಾತಿ ಅದ್ದಿ ತಿಂತೇನಿ, ಸಾಕು. ನಿನ್ನ ಕೇಕ್ ನೀ ಮುಂದ ನಿಂತಾಗಷ್ಟ ತಿಂದೇನಿ. ನೀ ಒಳಗ ಹೋದಕೂಡ್ಲೆ ಉಳಿದದ್ದು ಮಗ್ಗಲ ಮನಿ ಮಹಾದೇವಕ್ಕನ ಎಮ್ಮಿಗೆ ಹಾಕ್ತಿದ್ದೆ. ಮುಂದಿನ ಸಲ ಧಾರವಾಡಕ್ಕ ಹೋಗೂಮುಂದ ಅದನ್ನೂ ಕರ್ಕೊಂಡು ಹೋಗೂಣು.”