ಹದಿನಾಲ್ಕು ಹಂತಗಳ ನಲ್ಲಿ

ಶಾಲೆಯ ಮಕ್ಕಳು ಅವರನ್ನು ಬ್ಯೂರೆಟ್ ಮೇಷ್ಟ್ರು ಎಂದು ಕರೆಯುತ್ತಿದ್ದರು (ಎದುರಿಗಲ್ಲ). ರಸಾಯನಶಾಸ್ತ್ರ ಕಲಿಸುವ ಈ ಮೇಷ್ಟ್ರು ಚಹಾಕ್ಕೆ ಹಾಲು ಸುರಿಯುವಾಗಲೂ ಲೋಟವನ್ನು ಪ್ರಯೋಗಶಾಲೆಯ ಅಳತೆಗೊಳವೆಯಂತೆ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುವವರು. ಹೀಗೆ ಅಳೆದು ತೂಗಿ ಬದುಕುವ ಮನುಷ್ಯ ಹೆಡ್‌ಮೇಡಂ ಮುಂದೆ ನಿಂತು ಒಂದು ದಿನ ಜಗಳವನ್ನೇ ಆಡಿಬಿಟ್ಟರು.

"ಆಮ್ಲ ಯಾವುದು, ಕ್ಷಾರ ಯಾವುದು ಅಂತ ನಿದ್ದೆಯಲ್ಲಿ ಕೇಳಿದ್ರೂ ಹೇಳ್ತಾರೆ ಮೇಡಂ. ಕಿತ್ತುಹೋದ ಗುಂಡಿ ಹೊಲಿ ಅಂದ್ರೆ ಅಮ್ಮನ ಮುಖ ನೋಡ್ತಾರೆ. ಬದುಕೋಕೆ ಬೇಕಾದ್ದನ್ನೂ ಕಲಿಸೋಣ."

ಹೆಡ್‌ಮೇಡಂ ಶನಿವಾರದ ಕೊನೆಯ ಪೀರಿಯಡ್ಡನ್ನು ಗಣಿತದ ಟೆಸ್ಟಿನಿಂದ ಕಿತ್ತು ಇವರಿಗೆ ಕೊಟ್ಟರು. "ಒಂದು ತಿಂಗಳು. ಒಂದೇ ಒಂದು ಮನೆಯಿಂದ ದೂರು ಬಂದರೂ ಮತ್ತೆ ಟೆಸ್ಟು."

ಮೂರು ವಾರ ಚೆನ್ನಾಗಿಯೇ ನಡೆಯಿತು. ಗುಂಡಿ ಹೊಲಿದರು, ಸೈಕಲ್ಲಿನ ಚೈನು ಏರಿಸಿದರು, ಗಾಯಕ್ಕೆ ಪಟ್ಟಿ ಕಟ್ಟಿದರು. ವಾರವಿಡೀ ಬಾಯಿ ಬಿಡದ ಹಿಂದಿನ ಬೆಂಚಿನ ಉದ್ದಜಡೆಯ ಹುಡುಗಿ ಕೂಡ ಶನಿವಾರ ಮಾತ್ರ ಕೈ ಎತ್ತುತ್ತಿದ್ದಳು. ಅದನ್ನು ಕಂಡಮೇಲೆ ಆ ಪೀರಿಯಡ್ ಕೈತಪ್ಪೀತೆಂಬ ಯೋಚನೆಯೇ ಮೇಷ್ಟ್ರಿಗೆ ಸಂಕಟವಾಗುತ್ತಿತ್ತು.

ನಾಲ್ಕನೆಯ ವಾರದ ಹೋಂವರ್ಕ್, ಸೋರುವ ನಲ್ಲಿಯ ವಾಷರ್ ಬದಲಿಸುವುದು. ಮೇಷ್ಟ್ರು ಗುರುವಾರವೇ ಮೂವತ್ತೆಂಟು ಮಕ್ಕಳಿಗೂ ಅಚ್ಚು ಮಾಡಿದ ಹಾಳೆ ಹಂಚಿದರು. ಉದ್ದೇಶ, ಉಪಕರಣಗಳು, ವಿಧಾನ (ಹದಿನಾಲ್ಕು ಹಂತ), ಫಲಿತಾಂಶ, ಮುನ್ನೆಚ್ಚರಿಕೆ. ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ಇಪ್ಪತ್ತೆರಡು ವರ್ಷದಿಂದ ಇದೇ ಅನುಕ್ರಮ. ನಲ್ಲಿಗೊಂದು ಬೇರೆ ಅನುಕ್ರಮ ಯಾಕೆ?

ಆ ಮೂವತ್ತೆಂಟರಲ್ಲಿ ಒಬ್ಬಳು ಅವರ ಮಗಳೇ. ಶುಕ್ರವಾರ ಸಂಜೆ ಅವಳು ಸ್ಪ್ಯಾನರ್ ಹಿಡಿದು ಅಡುಗೆಮನೆಗೆ ಬರುವಷ್ಟರಲ್ಲಿ ಅಪ್ಪ ಸಿಂಕಿನ ಮುಂದೆ ನಿಂತಾಗಿತ್ತು. ಅಂಗಿಯ ತೋಳು ಮಡಚಿಯಾಗಿತ್ತು, ಹಾಳೆಯನ್ನು ಗೋಡೆಗೆ ಅಂಟಿಸಿಯಾಗಿತ್ತು.

"ಅಪ್ಪ, ಅದು ನನ್ನ ಹೋಂವರ್ಕ್."

"ಮೊದಲು ನಾನು ಮಾಡಿ ತೋರಿಸ್ತೀನಿ. ನೀನು ದೂರ ನಿಂತು ಗಮನಿಸು."

"ನೀನು ಈ ಮನೇಲಿ ಯಾವತ್ತಾದರೂ ನಲ್ಲಿ ಬಿಚ್ಚಿದ್ದೀಯಾ?"

"ತತ್ವ ಗೊತ್ತಿದ್ದವನಿಗೆ ನಲ್ಲಿ ಯಾವ ಲೆಕ್ಕ," ಎಂದರು ಮೇಷ್ಟ್ರು. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿದ್ದವರು ಒಳಗಿನಿಂದಲೇ, "ರೀ, ಅವಳ ಕೈಗೆ ಕೊಡಬಾರದಾ? ಕಲಿಯಬೇಕಾದವಳು ಅವಳಲ್ವಾ?" ಎಂದರು.

"ಐದೇ ನಿಮಿಷ ಕಣೇ."

ಹಂತ ನಾಲ್ಕು, ಹಂತ ಐದು. ಸ್ಪ್ಯಾನರ್ ತಿರುಗಿತು. ಮಗಳು ಹಾಳೆಯ ಕೆಳತುದಿಯತ್ತ ಬೆರಳು ಮಾಡಿದಳು. "ಅಪ್ಪ, ಅಲ್ಲಿ ಕೆಳಗೆ..."

"ಪ್ರಯೋಗದ ನಡುವೆ ಮಾತಾಡಬಾರದು. ಹಂತ ಆರು. ತಲೆಭಾಗವನ್ನು ಪೂರ್ತಿ ಬಿಚ್ಚಿ ತೆಗೆಯಿರಿ."

ತೆಗೆದರು. ಮರುಕ್ಷಣ ಆ ತಲೆಭಾಗ ಚಾವಣಿಗೆ ಬಡಿದು ಹಿಟ್ಟಿನ ಡಬ್ಬಿಯೊಳಗೆ ಬಿತ್ತು. ಮಹಡಿಯ ಮೇಲಿನ ಟ್ಯಾಂಕಿನ ಸಾವಿರ ಲೀಟರ್ ನೀರಿಗೂ ಒಮ್ಮೆಲೇ ಮೇಷ್ಟ್ರನ್ನು ನೋಡುವ ಆಸೆ ಹುಟ್ಟಿತು. ಹೆಂಡತಿ ಓಡಿ ಬಂದು ರಕ್ತ ಸುರಿಯುವ ಗಾಯವನ್ನು ಒತ್ತಿ ಹಿಡಿಯುವಂತೆ ನಲ್ಲಿಯ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಮಗಳು ಹಿತ್ತಲಿಗೆ ಓಡಿ ಮುಖ್ಯ ವಾಲ್ವ್ ಮುಚ್ಚಿದಳು. ಗೋಡೆಯ ಹಾಳೆಯ ಕೊನೆಯ ಸಾಲು ಆಗ ಮೇಷ್ಟ್ರ ಕಣ್ಣಿಗೆ ಬಿತ್ತು. ಮುನ್ನೆಚ್ಚರಿಕೆ: ಪ್ರಾರಂಭಿಸುವ ಮೊದಲು ಮುಖ್ಯ ವಾಲ್ವ್ ಮುಚ್ಚಿರಬೇಕು.

ಮೇಷ್ಟ್ರು ಒದ್ದೆ ಹಾಳೆಯನ್ನು ಗೋಡೆಯಿಂದ ಕಿತ್ತು ಆ ಸಾಲನ್ನು ಮತ್ತೊಮ್ಮೆ ಓದಿದರು. ಇದೇ ಹಾಳೆ ಇನ್ನೂ ಮೂವತ್ತೇಳು ಮನೆಗಳಲ್ಲಿತ್ತು.

ಅಷ್ಟರಲ್ಲಿ ಫೋನು. ಹೆಡ್‌ಮೇಡಂ. "ನಿಮ್ಮ ನಲ್ಲಿ ವಿಷಯಕ್ಕೆ ನನಗೆ ಒಂದೇ ಸಮನೆ ಫೋನು ಬರ್ತಿದೆ. ನಾಳೆ ಮೊದಲು ನನ್ನ ರೂಮಿಗೆ ಬನ್ನಿ."

"ನಿನ್ನ ಗೆಳತಿಯರ ಮನೇಲಿ ಏನಾಯ್ತಂತೆ?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

ಹಿಟ್ಟಿನೊಳಗಿಂದ ನಲ್ಲಿಯ ತಲೆ ಹುಡುಕುತ್ತಿದ್ದ ಮಗಳು ತಿರುಗಲಿಲ್ಲ. "ನಾಳೆ ಹಾಳೆ ಕೊಡ್ತಾರಲ್ಲ, ನೋಡ್ಕೋ. ಈಗ ಅಡುಗೆಮನೆಯಿಂದ ಆಚೆ ಹೋಗ್ತೀಯಾ, ನನಗೆ ಹೋಂವರ್ಕ್ ಇದೆ."

ಮರುದಿನ ಮೇಷ್ಟ್ರು ಪೀರಿಯಡ್ ಬಿಟ್ಟುಕೊಡುವ ಪತ್ರವನ್ನು ಬರೆದು ಕಿಸೆಯಲ್ಲಿಟ್ಟುಕೊಂಡೇ ಹೋದರು.

"ಕೂತ್ಕೊಳ್ಳಿ," ಎಂದರು ಹೆಡ್‌ಮೇಡಂ. "ಹನ್ನೊಂದು ಮನೆಯವರು ಫೋನ್ ಮಾಡಿದ್ರು. ವರ್ಷದಿಂದ ಸೋರ್ತಿದ್ದ ನಲ್ಲೀನ ಮಕ್ಕಳು ಸರಿ ಮಾಡಿದ್ರಂತೆ. ಮುಂದಿನ ವಾರ ಇಸ್ತ್ರಿ ಹಾಕೋದು ಹೇಳಿಕೊಡ್ತೀರಾ ಅಂತ ಕೇಳ್ತಿದ್ದಾರೆ."

"ಯಾರ ಮನೇಲೂ ನೀರು... ಹಾರಲಿಲ್ವಾ?"

"ಯಾಕೆ ಹಾರಬೇಕು?"

ಮೇಷ್ಟ್ರು ಪತ್ರವನ್ನು ಕಿಸೆಯ ತಳಕ್ಕೆ ಒತ್ತಿದರು. ಆದರೂ ಕಾರಣ ತಿಳಿಯದ ಫಲಿತಾಂಶವನ್ನು ಒಪ್ಪುವ ಜಾಯಮಾನ ಅವರದ್ದಲ್ಲ. ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳನ್ನೇ ಕೇಳಿದರು. ಕೈ ಎತ್ತಿದವಳು ಹಿಂದಿನ ಬೆಂಚಿನ ಉದ್ದಜಡೆಯ ಹುಡುಗಿ.

"ನಿಮ್ಮ ಹಾಳೆ ಅಲ್ವಾ ಸರ್, ನಾವು ಕೆಳಗಿನಿಂದ ಓದ್ತೀವಿ. ಹೋದ ವರ್ಷ ಅಮೋನಿಯ ತಯಾರಿಸಿದಾಗ 'ಕಿಟಕಿ ತೆರೆದಿರಬೇಕು' ಅಂತ ಕೊನೇ ಸಾಲಲ್ಲಿತ್ತು. ಆ ಘಾಟಿಗೆ ಇಡೀ ಕ್ಲಾಸು ಅತ್ತಿತ್ತು. ಅವತ್ತಿಂದ ಎಲ್ಲರೂ ಹಾಗೇ."

"ನನಗೆ ಯಾಕೆ ಹೇಳಲಿಲ್ಲ?"

"ನಿಮಗೆ ಗೊತ್ತಿರುತ್ತೆ ಅಂದ್ಕೊಂಡ್ವಿ ಸರ್."

ಕ್ಲಾಸು ನಕ್ಕಿತು. ಮೇಷ್ಟ್ರೂ ನಕ್ಕರು. ಆಮೇಲೆ ಕುಳಿತು ಹಾಳೆಗಳನ್ನು ಒಂದೊಂದಾಗಿ ತಿದ್ದಿದರು. ಮೂವತ್ತೇಳು ಮನೆಗಳ ಫಲಿತಾಂಶವೂ ಒಂದೇ: ಸೋರಿಕೆ ನಿಂತಿದೆ.

ಕೊನೆಯದು ಮಗಳದ್ದು. ಅವಳು ಅಚ್ಚಿನ ಹಾಳೆಯನ್ನು ಬಳಸದೆ ತನ್ನ ಕೈಯಿಂದಲೇ ಬೇರೆ ಬರೆದಿದ್ದಳು. ಪಕ್ಕದಲ್ಲಿ ಸಾಕ್ಷಿಯಾಗಿ ಅಮ್ಮನ ಸಹಿ. ಫಲಿತಾಂಶ: ಎರಡನೆಯ ಪ್ರಯತ್ನದಲ್ಲಿ ಸೋರಿಕೆ ನಿಂತಿದೆ. ಮುನ್ನೆಚ್ಚರಿಕೆ ಮಾತ್ರ ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ, ಕೆಳಗೆರಡು ಗೆರೆ ಎಳೆದು ನಿಂತಿತ್ತು.

ಒಂದು: ಮುಖ್ಯ ವಾಲ್ವ್ ಮುಚ್ಚಿರಬೇಕು. ಎರಡು: ಅಪ್ಪ ಮನೆಗೆ ಬರುವ ಮೊದಲೇ ಪ್ರಯೋಗ ಮುಗಿಸಿರಬೇಕು.

ಮೇಷ್ಟ್ರು ಹತ್ತಕ್ಕೆ ಹತ್ತು ಹಾಕಿದರು. ಅನುಕ್ರಮ ಸರಿಯಾಗಿತ್ತು.